ತೊಟ್ಟಿ ತುಂಬುವವರ ಸರದಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಚರ್ಚಿನ ವೇದಿಕೆಯ ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿದ ಈ ಮನುಷ್ಯ, ಅಡಿಯಲ್ಲಿರುವ ತೊಟ್ಟಿಯೊಳಗೆ ಇಣುಕಿ ನೋಡಿ ವಾಲ್ವ್ ತಿರುಗಿಸುತ್ತಾರೆ. ಪೈಪು ಎರಡು ಸಲ ಕೆಮ್ಮಿ, ಆಮೇಲೆ ಧೋ ಎಂದು ನೀರು ಬಿಡುತ್ತದೆ. ವಾಲ್ವಿನ ಪಕ್ಕದಲ್ಲಿ ತೊಟ್ಟಿಕ್ಕುವ ಹನಿಗೆ ಒಂದು ಬಟ್ಟೆ ಸುತ್ತುತ್ತಾ, “ಇದಕ್ಕೆ ನನ್ನ ಮೇಲೆ ಏನೋ ಹಳೇ ಸಿಟ್ಟು. ಎಷ್ಟು ಬಿಗಿ ಮಾಡಿದ್ರೂ ಸೋರೋದು ಬಿಡಲ್ಲ” ಎಂದು ಗೊಣಗುತ್ತಾರೆ. ನೀರು ಮೊಣಕಾಲೆತ್ತರಕ್ಕೆ ಬಂದ ಮೇಲೆ ಏಣಿ ಇಳಿದು, ಕೂಸಿಗೆ ಸ್ನಾನ ಮಾಡಿಸುವ ತಾಯಿಯಂತೆ ಮೊಣಕೈ ಅದ್ದಿ ಬಿಸಿ ನೋಡುತ್ತಾರೆ.

ಯೇಸುವನ್ನು ನಂಬಿದ್ದೇನೆ ಎಂದು ಎಲ್ಲರೆದುರು ಹೇಳಿ ದೀಕ್ಷಾಸ್ನಾನ ಪಡೆಯುವವರು ಈ ತೊಟ್ಟಿಗೆ ಇಳಿದು ಪೂರ್ತಿ ಮುಳುಗಿ ಏಳಬೇಕು. ಕಸುಬಿನಲ್ಲಿ ಪ್ಲಂಬರ್ ಆದ ಇವರು ಒಮ್ಮೆ ಇದೇ ತೊಟ್ಟಿಯ ಸೋರಿಕೆ ಸರಿಮಾಡಲು ಬಂದು, ಇಲ್ಲಿಯೇ ಉಸ್ತುವಾರಿಗೆ ನಿಂತರು. ಇಪ್ಪತ್ತೆರಡು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಜನರಿಗೆ ನೀರು ಕಾಯಿಸಿದ್ದಾರೆ. ಮಕ್ಕಳ ಬಾಯಲ್ಲಿ ಇವರು ತೊಟ್ಟಿ ಮಾಮ. ಹೆದರಿದವರನ್ನು ಹಿಡಿದುಕೊಳ್ಳಲು ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು ತಾವೂ ಇಳಿಯುತ್ತಾರೆ. “ಬಾಯಿ ಮುಚ್ಕೊಳ್ಳಿ, ಮೂಗು ಹಿಡ್ಕೊಳ್ಳಿ, ಮಂಡಿ ಸಡಿಲ ಬಿಡಿ” ಎಂದು ಹೇಳಿಕೊಡುತ್ತಾರೆ. ಮೇಲೆದ್ದವರಿಗೆ ಟವೆಲ್ ಹಿಡಿದು ನಿಲ್ಲುವವರೂ ಇವರೇ. ಇಷ್ಟು ಕಾಲ ನೀರಿನಲ್ಲಿ ನಿಂತೂ ಒಂದು ದಿನವೂ ನೆನೆಯದ ಮನುಷ್ಯ!

ಇವತ್ತು ಇಳಿಯುವವರು ಎಷ್ಟು ಮಂದಿ ಎಂದು ಕೇಳುತ್ತೇನೆ.

“ಒಬ್ಬನೇ. ನಾನೇ” ಎಂದು ಹೇಳಿ ನಾಚಿ ನೀರಿನ ಕಡೆ ಮುಖ ತಿರುಗಿಸುತ್ತಾರೆ.

ಹಾಗಂತ ಇವರಿಗೆ ದೇವರ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಪಾಸ್ಟರ್ ಮಾಡುವ ಭಾನುವಾರದ ಒಂದು ಪ್ರವಚನವನ್ನೂ ತಪ್ಪಿಸಿದವರಲ್ಲ. “ಏನು ಕೇಳಿದ್ರೂ ಪಟಪಟ ಹೇಳ್ತಿದ್ದೆ. ನೀರು ಸರಬರಾಜಿನ ದೊಡ್ಡ ಇಂಜಿನಿಯರ್ ಇದ್ದಾರಲ್ಲ, ಅವರ ಆಫೀಸ್ ಎಲ್ಲಿ, ಎಷ್ಟೊತ್ತಿಗೆ ಬರ್ತಾರೆ, ಯಾವುದಕ್ಕೆ ರೇಗ್ತಾರೆ, ಎಲ್ಲಾ ನಂಗೆ ಗೊತ್ತು. ಎದುರು ಕೂತು ಮಾತಾಡಿದ್ದು ಮಾತ್ರ ಇಲ್ಲ. ದೇವರ ವಿಷಯಾನೂ ಹಾಗೇ ಇತ್ತು.”

ದೀಕ್ಷಾಸ್ನಾನದ ಬಿಳಿ ನಿಲುವಂಗಿಗಳನ್ನು ಹೊಲಿಯುವವರು ಇವರ ಹೆಂಡತಿ. ಅವರದು ಮೊದಲಿನಿಂದಲೂ ಗಟ್ಟಿ ನಂಬಿಕೆ. “ನಾನು ಯಾವತ್ತೂ ಒತ್ತಾಯ ಮಾಡ್ಲಿಲ್ಲ. ಮಾಡಿದ್ರೆ ನನ್ನ ಖುಷಿಗೆ ಅಂತ ಇಳಿದುಬಿಡೋರು. ಅದರಿಂದ ಏನು ಬಂತು?” ಎನ್ನುತ್ತಾರೆ. ಆದರೆ ಗಂಡನ ಅಳತೆಯ ನಿಲುವಂಗಿಯೊಂದನ್ನು ಇಲ್ಲಿಗೆ ಬಂದ ವರ್ಷವೇ ಹೊಲಿದಿಟ್ಟಿದ್ದರಂತೆ. ನಿನ್ನೆ ಅದರ ಸೊಂಟ ಬಿಚ್ಚಿ ಅಗಲ ಮಾಡಿದ್ದಾಗಿದೆ.

ಎಲ್ಲವೂ ತಲೆಕೆಳಗಾದದ್ದು ನಾಲ್ಕು ತಿಂಗಳ ಹಿಂದೆ. ತೊಟ್ಟಿಯ ಏಣಿಗೆ ಬಣ್ಣ ಬಳಿದು ಹೊರಗೆ ಒಣಗಲು ಇಟ್ಟು, ಸ್ಟೂಲಿನ ಮೇಲೆ ಕಾಲಿಟ್ಟು ಖಾಲಿ ತೊಟ್ಟಿಗೆ ಇಳಿಯಲು ಹೋದರು. ಸ್ಟೂಲು ಮುರಿಯಿತು, ಪಾದ ಉಳುಕಿತು. ಗೋಡೆ ತಲೆಗಿಂತ ಎತ್ತರ, ಫೋನು ಮೇಲೆ ಬೆಂಚಿನ ಮೇಲೆ. ಚರ್ಚಿನಲ್ಲಿ ನರಪಿಳ್ಳೆಯೂ ಇಲ್ಲ.

“ಮೊದಲು ಕೂಗಿಕೊಂಡೆ. ಆಮೇಲೆ ಪಾಸ್ಟರ್ ಧಾಟಿಯಲ್ಲೇ ಪ್ರಾರ್ಥನೆ ಶುರು ಮಾಡಿದೆ. ಅವರು ಎಲ್ಲಿ ಗಂಟಲು ಸರಿ ಮಾಡ್ಕೊತಾರೋ ಅಲ್ಲಿ ನಾನೂ ಮಾಡ್ಕೊಂಡೆ!” ಹೇಳುತ್ತಾ ತಾವೇ ಹೊಟ್ಟೆ ಹಿಡಿದು ನಗುತ್ತಾರೆ. “ಬಾಯಿಪಾಠ ಎಲ್ಲಾ ಖಾಲಿ ಆಯ್ತು. ಕೊನೆಗೆ, ‘ಯೇಸಪ್ಪಾ, ಕಾಲು ತುಂಬಾ ನೋಯ್ತಿದೆ’ ಅಂದೆ. ಅದೇ ನೋಡಿ ನನ್ನ ಸ್ವಂತದ ಮೊದಲ್ನೇ ಪ್ರಾರ್ಥನೆ.”

ಕಾಲಿನಿಂದ ಶುರುವಾದ ಪ್ರಾರ್ಥನೆ ತಮ್ಮನವರೆಗೆ ಹೋಯಿತು. ತಮ್ಮನೂ ಪ್ಲಂಬರ್. ಅಪ್ಪ ಸಾಯುವ ಮುನ್ನ, ತನ್ನ ಸಲಕರಣೆಯ ಪೆಟ್ಟಿಗೆ ಚಿಕ್ಕವನಿಗೆ ಎಂದು ಹೇಳಿಹೋಗಿದ್ದರು. ಅಣ್ಣ ಅದನ್ನು ಯಾರಿಗೂ ಹೇಳದೆ ಎತ್ತಿಕೊಂಡು ಬಂದರು. ಕೇಳಲು ಬಂದ ತಮ್ಮನನ್ನು ಬಾಗಿಲಲ್ಲೇ ಬೈದು ಕಳಿಸಿದರು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು.

“ಲೋಕದ ಪಾಪಕ್ಕಾಗಿ ಯೇಸು ಪ್ರಾಣ ಕೊಟ್ಟ ಅಂತ ಸಾವಿರ ಸಲ ಕೇಳಿದ್ದೆ. ಆ ಲೋಕದಲ್ಲಿ ನಾನೂ ಇದ್ದೀನಿ, ನನ್ನ ಆ ಪೆಟ್ಟಿಗೆ ವಿಷಯವೂ ಇದೆ ಅಂತ ಅವತ್ತೇ ಹೊಳೆದಿದ್ದು. ಅತ್ತುಬಿಟ್ಟೆ. ‘ನನ್ನನ್ನ ಕ್ಷಮಿಸು’ ಅಂದೆ. ಆಕಾಶವಾಣಿ ಏನೂ ಆಗ್ಲಿಲ್ಲ. ಆದ್ರೆ ಒಬ್ಬನೇ ಇದ್ದೀನಿ ಅನ್ನೋದು ಹೋಯ್ತು. ಎದೆ ಹಗುರ ಆಯ್ತು. ಕ್ಷಮಿಸಿದಾನೆ ಅಂತ ಗೊತ್ತಾಯ್ತು.”

ಊಟಕ್ಕೆ ಬರಲಿಲ್ಲವೆಂದು ಹುಡುಕಿಕೊಂಡು ಬಂದ ಹೆಂಡತಿಗೆ ತೊಟ್ಟಿಯೊಳಗಿಂದ ಮಾತು ಕೇಳಿಸಿತು. “ಯಾರ ಜೊತೆ ರೀ ಮಾತಾಡ್ತಿದೀರ?” ಎಂದು ಇಣುಕಿದರೆ ಗಂಡ, “ಸ್ವಲ್ಪ ತಡಿ, ಇನ್ನೂ ಮುಗಿದಿಲ್ಲ” ಎಂದರಂತೆ!

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವರು ಮೊದಲು ಮಾಡಿದ್ದು ತಮ್ಮನಿಗೆ ಫೋನು. ತಪ್ಪಾಯಿತು, ಪೆಟ್ಟಿಗೆ ನಿನ್ನದು ಎಂದಾಗ ಆ ಕಡೆಯಿಂದ ಫೋನು ಕಟ್ಟಾಯಿತು. ಮಾರನೆಯ ದಿನ ಪೆಟ್ಟಿಗೆ ಹೊತ್ತು ಹೋದರೆ ಬಾಗಿಲು ತೆರೆಯಲಿಲ್ಲ. ಕಳೆದ ವಾರ ಮತ್ತೆ ಫೋನು ಮಾಡಿ, “ನಾನು ನೀರಿಗಿಳೀತೀನಿ, ಟವೆಲ್ ಹಿಡಿಯೋಕೆ ನೀನು ಬರ್ತೀಯಾ?” ಎಂದು ಕೇಳಿದ್ದಾರೆ. ಆಗಲೂ ಅದೇ. ತೊಟ್ಟಿಯ ಅಂಚಿನಲ್ಲಿ ಈಗ ಮಡಿಸಿದ ಟವೆಲ್ ಒಂದು ಕಾಯುತ್ತಿದೆ. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ.

ಬೆಂಚುಗಳು ತುಂಬುತ್ತವೆ. ಬಿಳಿ ನಿಲುವಂಗಿಯಲ್ಲಿ ನಿಂತ ತೊಟ್ಟಿ ಮಾಮನ ಕಣ್ಣು ಬಾಗಿಲಿಗೆ ಅಂಟಿದೆ. ತಮ್ಮನ ಸುಳಿವಿಲ್ಲ. ಕೊನೆಗೆ ಅವರು ನಿಟ್ಟುಸಿರು ಬಿಟ್ಟು, “ಅವನು ಬರದಿದ್ರೂ ನಾನು ಇಳೀತೀನಿ. ನನ್ನನ್ನ ಕರೆದವನು ಬಂದಾಗಿದೆ” ಎಂದು ಏಣಿ ಇಳಿಯುತ್ತಾರೆ. ಪಾಸ್ಟರ್, “ಯೇಸುವನ್ನು ನಂಬುತ್ತೀರಾ?” ಎಂದು ಕೇಳಿ ಮುಗಿಸುವ ಮೊದಲೇ, “ನಂಬ್ತೀನಿ, ನಂಬ್ತೀನಿ!” ಎಂದು ಇಡೀ ಚರ್ಚಿಗೆ ಕೇಳುವಂತೆ ಹೇಳಿ, ನಗುತ್ತಲೇ ಮುಳುಗುತ್ತಾರೆ.

ನಾನೂರು ಜನರಿಗೆ ಬಾಯಿ ಮುಚ್ಚಲು ಹೇಳಿಕೊಟ್ಟ ಮಹಾಶಯರು ಬಾಯಿ ಮುಚ್ಚುವುದನ್ನೇ ಮರೆತಿದ್ದಾರೆ! ನೀರು ಕುಡಿದು, ಕೆಮ್ಮುತ್ತಾ ಏಣಿ ಹತ್ತಿ ಬಂದು, ಕಣ್ಣು ಬಿಡಲಾಗದೆ ಟವೆಲಿಗಾಗಿ ತಡಕಾಡುತ್ತಾರೆ. ಟವೆಲ್ ಕೈಗೆ ಸಿಗುತ್ತದೆ.

“ಬಾಯಿ ಮುಚ್ಕೋಬಾರ್ದಾ ಅಣ್ಣ?”

ಅಣ್ಣ ಟವೆಲಿನಲ್ಲಿ ಮುಖ ಹುದುಗಿಸಿ ಅಳುತ್ತಾರೋ ನಗುತ್ತಾರೋ ತಿಳಿಯುವುದಿಲ್ಲ. ಆ ಒದ್ದೆ ಮೈಯಲ್ಲೇ ತಮ್ಮನನ್ನು ಬಾಚಿ ತಬ್ಬಿಕೊಳ್ಳುತ್ತಾರೆ. ತಮ್ಮನ ಒಳ್ಳೆಯ ಅಂಗಿ ತೊಯ್ದು ತೊಪ್ಪೆಯಾಗುತ್ತದೆ. ಬೆಂಚುಗಳಿಂದ ಚಪ್ಪಾಳೆ, ಹಾಡು. ನಿಲುವಂಗಿ ಹೊಲಿದ ಹೆಂಡತಿ ಮೂಗು ಒರೆಸಿಕೊಳ್ಳುತ್ತಾ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಾರೆ.

ಹಾಡಿನ ನಡುವೆಯೇ ತಮ್ಮನ ಕಿವಿ ಬೇರೆಲ್ಲೋ ಹೋಗುತ್ತದೆ. ಬಗ್ಗಿ ತೊಟ್ಟಿಯ ಮೂಲೆಗೆ ನೋಡಿ ಕೇಳುತ್ತಾರೆ: “ಆ ವಾಲ್ವ್ ಸೋರ್ತಿದೆಯಲ್ಲ. ಪೆಟ್ಟಿಗೆ ಎಲ್ಲಿಟ್ಟಿದೀಯ?”

“ಬೆಂಚಿನ ಕೆಳಗಿದೆ ನೋಡು. ನಿಂದೇ ಅಲ್ವಾ, ತಗೋ.”