ನಲವತ್ತೊಂದಕ್ಕೊಂದು ಫ್ಯಾನು

ಆ ಕಚೇರಿಗೆ ಹೆಸರೇನೋ ದೊಡ್ಡದು, ಪ್ರಾಣಿರೋಗ ಸಂಶೋಧನಾ ಕೇಂದ್ರ. ಹೋಗಿ ನೋಡಿದರೆ ಎರಡು ಕೋಣೆ, ಒಂದು ಶೆಡ್ಡು, ಹಿಂದುಗಡೆ ಜೊಂಡು ಬೆಳೆದ ಜೌಗು, ಅಷ್ಟೇ. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮನ ಮೇಜು, ಕುರ್ಚಿ, ಕಿಟಕಿಯ ಬಳಿ ಸೂಕ್ಷ್ಮದರ್ಶಕ. ಹಿಂದಿನ ಕೋಣೆಯಲ್ಲಿ ರಕ್ತದ ಶೀಷೆ ಇಡುವ ಫ್ರೀಜರು, ಹಗಲೂ ರಾತ್ರಿ ಗೊಂಯ್ ಅನ್ನುತ್ತಲೇ ಇರುತ್ತಿತ್ತು. ಶೆಡ್ಡಿನಲ್ಲಿ ಕುರಿಗಳು. ಈ ಮೂರನ್ನೂ ಗುಡಿಸಿ, ಒರೆಸಿ, ತೊಳೆದು, ಬೀಗ ಹಾಕಿ, ಬೀಗ ತೆಗೆದು ಹತ್ತೊಂಬತ್ತು ವರ್ಷ ನಡೆಸಿದವಳು ಚಿಕ್ಕಮ್ಮ. ಯಾರಿಗೆ ಚಿಕ್ಕಮ್ಮ ಅಂದರೆ ಎಲ್ಲರಿಗೂ. ಡಾಕ್ಟರಮ್ಮ ಕರೆದರು, ಟಪಾಲಿನವನು ಕರೆದ, ಕೊನೆಗೆ ಅವಳ ಗಂಡನೇ ಒಮ್ಮೆ ಫೋನಿನಲ್ಲಿ ‘ಚಿಕ್ಕಮ್ಮ ಇದ್ದಾರಾ’ ಅಂತ ಕೇಳಿ ಬೈಸಿಕೊಂಡಿದ್ದ.

ಶೆಡ್ಡಿನಲ್ಲಿ ಮೊದಲು ನಾಲ್ಕು ಕುರಿ ಇದ್ದವು. ಕಿವಿಯ ಬಿಲ್ಲೆಯಲ್ಲಿ ನಲವತ್ತರಿಂದ ನಲವತ್ತಮೂರರವರೆಗೆ ನಂಬರು. ಇವುಗಳಿಗೆ ಹೆಸರಿಡಕೂಡದು ಅಂತ ಡಾಕ್ಟರಮ್ಮ ಬಂದ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದರು. ಹೆಸರಿಟ್ಟರೆ ಮನಸ್ಸು ಅಂಟಿಕೊಳ್ಳುತ್ತದಂತೆ. ಚಿಕ್ಕಮ್ಮ ಹೂಂ ಅಂದಳು, ಹೆಸರಿಡಲಿಲ್ಲ. ಆದರೆ ‘ಬಾರೇ ನಲವತ್ತೊಂದೂ, ನನ್ನ ಬಂಗಾರ, ಮುಖ ಯಾಕೆ ಊದಿಸ್ಕೊಂಡಿದ್ದೀಯ’ ಅಂತ ಅವಳು ಕರೆಯುವ ಧಾಟಿ ಕೇಳಿದರೆ ಲೋಕದಲ್ಲಿ ಇದಕ್ಕಿಂತ ಮುದ್ದಾದ ಹೆಸರೇ ಇಲ್ಲವೇನೋ ಅನ್ನಿಸುತ್ತಿತ್ತು. ನಂಬರಿಗೆ ಅಂಟಿಕೊಳ್ಳದಿರಲು ಅವಳ ಮನಸ್ಸೇನು ಗೋಡೆಯೇ?

ಪ್ರತಿ ಮಂಗಳವಾರ ಆ ಕುರಿಗಳ ರಕ್ತ ತೆಗೆಯುವುದು. ಚಿಕ್ಕಮ್ಮ ಕುರಿಯ ಗದ್ದಕ್ಕೆ ಕೈಕೊಟ್ಟು ಕತ್ತು ಎತ್ತಿ ಹಿಡಿಯಬೇಕು, ಡಾಕ್ಟರಮ್ಮ ಉಣ್ಣೆ ಸರಿಸಿ ಸೂಜಿ ಚುಚ್ಚಬೇಕು. ಉಳಿದವು ಒದ್ದಾಡುತ್ತಿದ್ದವು. ನಲವತ್ತೊಂದು ಮಾತ್ರ ಚಿಕ್ಕಮ್ಮನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ತಾನೇ ಮುಂದೆ ಬಂದು ಗದ್ದ ಎತ್ತಿ ಕತ್ತನ್ನು ಎಡಕ್ಕೆ ವಾಲಿಸಿ ನಿಲ್ಲುತ್ತಿತ್ತು. ‘ನಿಮಗಿಂತ ಇದೇ ಚೆನ್ನಾಗಿ ಕೆಲಸ ಕಲಿತಿದೆ ಚಿಕ್ಕಮ್ಮ’ ಅಂತ ಡಾಕ್ಟರಮ್ಮ ನಗುತ್ತಿದ್ದರು.

ಆ ರಕ್ತದಲ್ಲಿ ಹುಡುಕುತ್ತಿದ್ದದ್ದು ನೀಲಿನಾಲಿಗೆ ರೋಗದ ಗುರುತು. ಜೌಗಿನಲ್ಲಿ ಸಾಸಿವೆಗಿಂತ ಚಿಕ್ಕ ನುಸಿಗಳಿವೆ. ಅವು ಕಾಡಿನ ಜಿಂಕೆಯನ್ನು ಕಚ್ಚುತ್ತವೆ. ರೋಗದ ವೈರಸ್ ಜಿಂಕೆಯ ಮೈಯಲ್ಲಿದ್ದರೂ ಅಲ್ಲಿನ ಜಿಂಕೆಗಳಿಗೆ ಏನೂ ಆಗುವುದಿಲ್ಲ, ಆರಾಮಾಗಿ ಮೇಯುತ್ತಿರುತ್ತವೆ. ಅದೇ ನುಸಿ ಬಂದು ಕುರಿಯನ್ನು ಕಚ್ಚಿದರೆ ಜ್ವರ ಬಂದು ತುಟಿ ಊದಿ ನಾಲಿಗೆ ನೀಲಿಗಟ್ಟುತ್ತದೆ, ಎಷ್ಟೋ ಕುರಿ ಸತ್ತೇ ಹೋಗುತ್ತವೆ. ವೈರಸ್ ಬಂದಿದೆ ಅಂತ ಮೊದಲೇ ತಿಳಿದರೆ ಸುತ್ತಲಿನ ಮಂದೆಗಳಿಗೆಲ್ಲ ಲಸಿಕೆ ಹಾಕಿಸಬಹುದು. ಅದಕ್ಕೇ ಈ ಕುರಿಗಳು. ಕಾವಲು ಕುರಿ ಅಂತಲೇ ಇವುಗಳನ್ನು ಕರೆಯುತ್ತಿದ್ದರು.

ಎರಡು ವರ್ಷದ ಹಿಂದೆ ನಲವತ್ತಕ್ಕೆ ರೋಗ ತಗುಲಿತು. ನಾಲಿಗೆ ಊದಿ ನೀರು ಕೂಡ ಇಳಿಯದೆ, ಐದನೆಯ ದಿನ ಅದು ಚಿಕ್ಕಮ್ಮನ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು. ಆ ವರ್ಷ ಸುತ್ತಲಿನ ಮಂದೆಗಳಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಬಿದ್ದು ಒಂದು ಮರಿಯೂ ಸಾಯಲಿಲ್ಲ. ಚಿಕ್ಕಮ್ಮನಿಗೆ ಅದೆಲ್ಲ ತಲೆಗೆ ಹೋಗಲಿಲ್ಲ. ಅವಳಿಗೆ ಕಂಡದ್ದು ತೊಡೆಯ ಮೇಲಿನ ಆ ತಲೆಯೊಂದೇ.

ಮರುದಿನ ಸಂಜೆ ಅವಳು ಮನೆಯ ಟೇಬಲ್ ಫ್ಯಾನನ್ನು ಚೀಲದಲ್ಲಿ ಹಾಕಿಕೊಂಡು ಶೆಡ್ಡಿಗೆ ಹೋದಳು. ನುಸಿಗೆ ಗಾಳಿಯಲ್ಲಿ ಹಾರಲು ತ್ರಾಣವಿಲ್ಲ ಅನ್ನುವುದನ್ನು ಅವಳು ಓದಿ ತಿಳಿದದ್ದಲ್ಲ, ಅಷ್ಟು ವರ್ಷ ನೋಡಿ ತಿಳಿದದ್ದು. ಸಂಜೆ ಮನೆಗೆ ಹೊರಡುವಾಗ ಫ್ಯಾನು ಹಾಕುವುದು, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಅದನ್ನು ಆರಿಸಿ ಮೇವಿನ ಮೂಟೆಗಳ ಹಿಂದೆ ಇಡುವುದು. ‘ನಾಲ್ಕು ನುಸಿ ಕಡಿಮೆ ಕಚ್ಚಿದರೆ ಯಾರ ಗಂಟು ಹೋಗುತ್ತೆ? ರಕ್ತ ಹೇಗೂ ತೆಗೀತಾರೆ, ನೋಡ್ತಾರೆ’ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗಾದರೆ ಬಚ್ಚಿಟ್ಟದ್ದು ಯಾಕೆ ಅಂತ ಕೇಳಬೇಡಿ. ಬಚ್ಚಿಡುವವರಿಗೆಲ್ಲ ಒಳಗೆಲ್ಲೋ ಗೊತ್ತಿರುತ್ತದೆ.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಬಾಯಿಗೆ ಬಿಡುವಿಲ್ಲದ ಮನುಷ್ಯ. ‘ಅಲ್ಲ ಕಣೇ, ಮೂವತ್ತು ವರ್ಷ ಇಂಜಿನ್ ಕೆಳಗೆ ಮಲಗಿ ಬೆಂದವನು ನಾನು. ಫ್ಯಾನು ಕುರಿಗೆ!’

‘ನಿಮಗೆ ಬೀಸಣಿಗೆ ಇದೆಯಲ್ಲ.’

‘ಬೀಸೋರು ಯಾರು?’

‘ಕೈ ಇಲ್ಲವಾ ನಿಮಗೆ?’ ಅಂದಳು. ಬೈದದ್ದೇನೋ ಹೌದು, ಆದರೆ ಅವನಿಗೆ ನಿದ್ದೆ ಹತ್ತುವವರೆಗೆ ದಿನವೂ ಅವಳೇ ಕೂತು ಬೀಸುತ್ತಿದ್ದಳು.

ಹೋದ ವರ್ಷ ಕಾವಲು ಕುರಿಗಳ ರಕ್ತದಲ್ಲಿ ಏನೂ ಸಿಗಲಿಲ್ಲ. ಚಿಕ್ಕಮ್ಮ ಹಿಗ್ಗಿದಳು. ಜೌಗಿನ ಅಂಚಿನಲ್ಲಿ ಮಂದೆ ಮೇಯಿಸುವ ಸೀಟಿ ಅಣ್ಣ ಬೇಲಿಯಾಚೆ ನಿಂತು ಪ್ರತಿ ಮಂಗಳವಾರ ವಿಚಾರಿಸುತ್ತಿದ್ದ. ನಾಲಿಗೆ ಮಡಚಿ ಅವನು ಒಂದು ಸೀಟಿ ಹೊಡೆದರೆ ಮಂದೆ ಇಡೀ ತಿರುಗುತ್ತಿತ್ತು, ಆ ಹೆಸರು ಬಂದದ್ದು ಹಾಗೆ. ‘ಚಿಕ್ಕಮ್ಮ, ನಿಮ್ಮವು ಹೇಗಿವೆ?’

‘ಗುಂಡುಕಲ್ಲಿನ ಹಾಗಿವೆ ಅಣ್ಣ.’

‘ಹಾಗಾದ್ರೆ ನಮ್ಮವಕ್ಕೂ ಭಯವಿಲ್ಲ ಬಿಡಿ.’

ಆ ಮಾತಾಡಿ ತಿಂಗಳೊಳಗೆ ಅವನ ಹನ್ನೊಂದು ಕುರಿ ಸತ್ತವು. ನೀಲಿನಾಲಿಗೆಯೇ. ಡಾಕ್ಟರಮ್ಮ ತಲೆಯ ಮೇಲೆ ಕೈ ಹೊತ್ತು ಕೂತರು. ಕಾವಲು ಕುರಿಗೆ ಬಾರದ ರೋಗ ಪಕ್ಕದ ಮಂದೆಗೆ ಬಂದದ್ದು ಹೇಗೆ? ಚಿಕ್ಕಮ್ಮ ಸೀಟಿ ಅಣ್ಣನ ಜೊತೆ ಕೂತು ಅತ್ತು, ಅವನಿಗೆ ಎರಡು ದಿನ ಊಟ ಕೊಟ್ಟು ಕಳಿಸಿದಳು. ಸಂಜೆ ಬಂದು ಎಂದಿನಂತೆ ಫ್ಯಾನು ಹಾಕಿದಳು. ದೇವರಾಣೆಗೂ ಅವಳಿಗೆ ಹೊಳೆದಿರಲಿಲ್ಲ.

ಹೊಳೆದದ್ದು ಈ ವರ್ಷ, ಒಂದು ಗುರುವಾರ ಮಧ್ಯಾಹ್ನ. ಶೆಡ್ಡಿನ ಹೊರಗೆ ನುಸಿ ಹಿಡಿಯುವ ದೀಪದ ಬಲೆಯೊಂದನ್ನು ಡಾಕ್ಟರಮ್ಮ ನೇತುಹಾಕಿದ್ದರು. ಸಿಕ್ಕ ನುಸಿಗಳಲ್ಲಿ ಹೊಟ್ಟೆ ತುಂಬಿದವನ್ನು ಆರಿಸಿ, ಕುಡಿದ ರಕ್ತ ಯಾವ ಪ್ರಾಣಿಯದು ಅಂತ ಪರೀಕ್ಷೆಗೆ ಕಳಿಸಿದ್ದರು. ಉತ್ತರ ಬಂದಿತ್ತು.

‘ಚಿಕ್ಕಮ್ಮ, ಬನ್ನಿ ಇಲ್ಲಿ, ತಮಾಷೆ ನೋಡಿ. ಜಿಂಕೆ ರಕ್ತ ಇದೆ, ಎಮ್ಮೆ ರಕ್ತ ಇದೆ. ಕುರಿ ರಕ್ತ ಒಂದರಲ್ಲೂ ಇಲ್ಲ! ನಮ್ಮ ಕುರಿಗಳು ಹತ್ತು ಹೆಜ್ಜೆ ದೂರದಲ್ಲಿವೆ, ಮೂಸಿಯೂ ನೋಡಿಲ್ಲ.’

‘ಕಚ್ಚದಿದ್ರೆ ಒಳ್ಳೇದೇ ಅಲ್ವಾಮ್ಮ?’ ಅಂದಳು ಚಿಕ್ಕಮ್ಮ.

‘ಅಯ್ಯೋ, ಕಚ್ಚಬೇಕು ಚಿಕ್ಕಮ್ಮ! ಕಚ್ಚಲಿ ಅಂತ ತಾನೇ ಇಲ್ಲಿ ಕಟ್ಟಿರೋದು. ಇವನ್ನ ಕಚ್ಚದಿದ್ರೆ ನಮಗೆ ಗೊತ್ತಾಗೋದು ಸೀಟಿ ಅಣ್ಣನ ಕುರಿಗಳು ಸತ್ತ ಮೇಲೇ, ಹೋದ ವರ್ಷದ ಹಾಗೆ.’ ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ‘ಈ ವರ್ಷವೂ ರಕ್ತದಲ್ಲಿ ಏನೂ ಇಲ್ಲ. ನಮ್ಮ ಪಾಲಿನ ಲಸಿಕೆ ಬೇರೆ ಕಡೆಗೆ ಕಳಿಸಬಹುದಾ ಅಂತ ಮೇಲಿನವರು ಕೇಳ್ತಿದ್ದಾರೆ. ಶನಿವಾರ ಬರೆದುಕೊಡಬೇಕು. ರಕ್ತದಲ್ಲಿ ಏನೂ ತೋರಿಸದೆ ಬೇಡ ಅಂದ್ರೆ ಅವರು ಕೇಳಲ್ಲ, ಕಳಿಸಿ ಅಂತ ಬರೆಯೋದೇ ಸೈ.’

ಚಿಕ್ಕಮ್ಮ ಕೈಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟು ಸೀದಾ ಶೆಡ್ಡಿಗೆ ಹೋಗಿ ನಿಂತಳು. ಹನ್ನೊಂದು ಕುರಿ. ಅವಳಿಗೆ ಆ ಹನ್ನೊಂದರ ಮುಖವೂ ಗೊತ್ತಿತ್ತು.

ಸಂಜೆ ಫ್ಯಾನು ಹಾಕಬಾರದು ಅಂತ ನಿಶ್ಚಯಿಸಿದಳು. ಬಾಗಿಲ ತನಕ ಹೋದಳು. ಜೊಂಡಿನ ಕಡೆಯಿಂದ ನುಸಿಗಳ ಮೋಡ ಏಳುತ್ತಿತ್ತು. ನಲವತ್ತೊಂದು ಎಂದಿನ ಹಾಗೆ ಫ್ಯಾನಿನ ಜಾಗದ ಮುಂದೆ ಬಂದು ಕಾಲು ಮಡಚಿ ಕೂತು ಗಾಳಿಗೆ ಕಾಯುತ್ತಿತ್ತು. ವಯಸ್ಸಾದ ಕುರಿ. ರೋಗ ತಗುಲಿದರೆ ನಲವತ್ತರ ಗತಿಯೇ. ಚಿಕ್ಕಮ್ಮ ತಿರುಗಿ ಬಂದು ಫ್ಯಾನು ಹಾಕಿಬಿಟ್ಟಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡು ಮನೆ ಸೇರಿದಳು.

ಗಂಡ ಎಲ್ಲವನ್ನೂ ಕೇಳಿದ. ಒಂದು ಕುಚೋದ್ಯವನ್ನೂ ಮಾಡಲಿಲ್ಲ. ಕೊನೆಗೆ, ‘ನಾಳೆ ಬೆಳಿಗ್ಗೆ ನಾನೂ ಬರ್ತೀನಿ. ಫ್ಯಾನು ತರಬೇಕಲ್ಲ’ ಅಂದ.

ಡಾಕ್ಟರಮ್ಮ ಮೂಟೆಗಳ ಹಿಂದಿನಿಂದ ಬಂದ ಫ್ಯಾನನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು. ‘ಎಷ್ಟು ದಿನದಿಂದ?’

‘ನಲವತ್ತು ಹೋದಾಗಿನಿಂದ.’

ಅವರು ಕೂಗಾಡಿದ್ದರೆ ವಾಸಿಯಿತ್ತು, ಬೈಗುಳಕ್ಕೆ ಚಿಕ್ಕಮ್ಮ ಬೆನ್ನು ಗಟ್ಟಿ ಮಾಡಿಕೊಂಡು ಬಂದಿದ್ದಳು. ಡಾಕ್ಟರಮ್ಮ ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ಕೈ ತೊಳೆದು, ಮತ್ತೆ ತೊಳೆದು ಬಂದರು. ‘ಎರಡು ವರ್ಷದ ಲೆಕ್ಕವೆಲ್ಲ ಹೊಡೆದು ಹಾಕಬೇಕು. ಅದನ್ನ ನಾನು ಬರೀತೀನಿ. ಲಸಿಕೆ ಇಲ್ಲೇ ಇರಲಿ ಅಂತಲೂ ಬರೀತೀನಿ. ಆದರೆ ಸೀಟಿ ಅಣ್ಣನಿಗೆ ನಾನು ಹೇಳಲ್ಲ ಚಿಕ್ಕಮ್ಮ. ನೀವೇ ಹೇಳಬೇಕು.’

ಬೇಲಿಯ ಹತ್ತಿರ ನಿಂತು ಚಿಕ್ಕಮ್ಮ ಹೇಳಿದಳು. ಸುತ್ತಿ ಬಳಸದೆ, ನೆಲ ನೋಡಿಕೊಂಡು, ಇದ್ದದ್ದು ಇದ್ದ ಹಾಗೆ. ಸೀಟಿ ಅಣ್ಣ ಕೋಲಿನ ಮೇಲೆ ಗದ್ದವಿಟ್ಟು ಕೇಳಿಸಿಕೊಂಡ. ಸೀಟಿ ಹೊಡೆದು ಮಂದೆ ತಿರುಗಿಸಿಕೊಂಡು ಹೋದ. ಮುಂದಿನ ಎರಡು ಮಂಗಳವಾರ ಬೇಲಿಯ ಹತ್ತಿರ ಯಾರೂ ಬರಲಿಲ್ಲ.

ಗಂಡ ಫ್ಯಾನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದು, ಒರೆಸಿ, ಎಣ್ಣೆ ಬಿಟ್ಟು ಅದರ ಹಳೆಯ ಜಾಗದಲ್ಲಿಟ್ಟ. ಸೆಕೆಯೋ ಸೆಕೆ. ಆದರೂ ಅವತ್ತು ಇಬ್ಬರೂ ಅದನ್ನು ಹಾಕಿಕೊಳ್ಳಲಿಲ್ಲ.

ಮೂರನೆಯ ಮಂಗಳವಾರದ ರಕ್ತದಲ್ಲಿ ಗುರುತು ಸಿಕ್ಕಿತು. ನಲವತ್ತೆರಡು, ನಲವತ್ತಮೂರು ಎರಡರಲ್ಲೂ ಇಲ್ಲ, ನಲವತ್ತೊಂದರಲ್ಲಿ. ಡಾಕ್ಟರಮ್ಮ ಅಲ್ಲಿಂದಲೇ ಫೋನು ಹಚ್ಚಿದರು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಲಸಿಕೆಯ ಪೆಟ್ಟಿಗೆಗಳು ಜೀಪಿನಲ್ಲಿ ಜೌಗಿನ ಸುತ್ತಲಿನ ಮಂದೆಗಳಿಗೆ ಹೊರಟವು.

ಶೆಡ್ಡಿನಲ್ಲಿ ನಲವತ್ತೊಂದಕ್ಕೆ ಜ್ವರ ಏರಿತು. ತುಟಿ ಊದಿತು, ಬಾಯಿಂದ ಜೊಲ್ಲು ಸುರಿಯತೊಡಗಿತು. ಚಿಕ್ಕಮ್ಮ ಬಟ್ಟೆ ತೋಯಿಸಿ ಬಾಯಿ ಒರೆಸುವಳು, ಹಿಟ್ಟು ಕದಡಿದ ನೀರನ್ನು ಚಮಚದಲ್ಲಿ ಬಿಡುವಳು. ಅದು ಅರ್ಧ ಒಳಗೆ, ಅರ್ಧ ಅವಳ ಮಡಿಲಿಗೆ. ‘ನಾನೇ ನಿನ್ನನ್ನ ನುಸಿ ಬಾಯಿಗೆ ಕೊಟ್ಟೆನಲ್ಲೇ ಮಗಳೇ’ ಅಂತ ಅವಳು ಬಿಕ್ಕಿದಾಗ ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದರು. ಅವರೂ ಒಳಗೆ ಬಂದು ಹುಲ್ಲಿನ ಮೇಲೆ ಕೂತರು.

ನಾಲ್ಕನೆಯ ದಿನ ಶೆಡ್ಡಿನ ಹೊರಗೆ ಚಪ್ಪಲಿ ಕಳಚಿದ ಸದ್ದಾಯಿತು. ಸೀಟಿ ಅಣ್ಣ. ಚಿಕ್ಕಮ್ಮನಿಗೆ ತಲೆ ಎತ್ತಲು ಆಗಲಿಲ್ಲ. ಅವನು ಕುರಿಯ ಪಕ್ಕ ಕೂತು, ಊದಿದ ಬಾಯಿಯನ್ನು ಮೆಲ್ಲಗೆ ಬಿಡಿಸಿ ನೋಡಿದ. ಚಮಚ ಇಸಿದುಕೊಂಡ. ‘ಹೀಗೆ ಎದುರಿನಿಂದ ಬಿಟ್ರೆ ಉಗುಳುತ್ತೆ. ಕೆನ್ನೆ ಪಕ್ಕದಿಂದ ಬಿಡಿ, ಗಂಟಲು ಸವರಿ.’ ಬಿಟ್ಟು ತೋರಿಸಿದ. ನೀರು ಒಳಗಿಳಿಯಿತು. ಇನ್ನೊಂದು ಚಮಚ ಬಿಟ್ಟು ಹೇಳಿದ, ‘ನನ್ನವಕ್ಕೆಲ್ಲ ಲಸಿಕೆ ಆಯ್ತು.’

‘ಎಲ್ಲಕ್ಕೂ?’

‘ಎಲ್ಲಕ್ಕೂ. ಹೊಟ್ಟೆಯಲ್ಲಿ ಇನ್ನೂ ಸಂಕಟ ಇದೆ ಚಿಕ್ಕಮ್ಮ, ಸುಳ್ಳು ಹೇಳಲ್ಲ. ಆದರೆ ನೀವು ಹೇಳದಿದ್ರೆ ಈ ವರ್ಷ ಮಂದೆಯೇ ಇರ್ತಿರಲಿಲ್ಲ.’

ಅವನು ದಿನಾ ಬಂದ. ಹತ್ತನೆಯ ದಿನ ನಲವತ್ತೊಂದು ತಾನೇ ಎದ್ದು ನಿಂತು, ನಡುಗುವ ಕಾಲಲ್ಲಿ ಬಕೆಟ್ಟಿನ ತನಕ ಹೋಗಿ ನೀರು ಕುಡಿಯಿತು. ಚಿಕ್ಕಮ್ಮ ನಕ್ಕಳೋ ಅತ್ತಳೋ ನೋಡಿದವರಿಗೆ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೆ ನಡೆಯುತ್ತಿತ್ತು.

ಒಮ್ಮೆ ರೋಗ ಬಂದು ಹೋದ ಕುರಿ ಕಾವಲಿಗೆ ಬರುವುದಿಲ್ಲ. ಅದರ ರಕ್ತದಲ್ಲಿ ಗುರುತು ಉಳಿದುಬಿಡುತ್ತದೆ, ಹೊಸದಾಗಿ ಬಂದದ್ದು ತಿಳಿಯುವುದಿಲ್ಲ. ಅಂಥದ್ದನ್ನು ಶೆಡ್ಡಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ‘ಮನೆಗೆ ಕರ್ಕೊಂಡು ಹೋಗಿ ಚಿಕ್ಕಮ್ಮ, ಕಾಗದ ನಾನು ಮಾಡ್ತೀನಿ’ ಅಂದರು ಡಾಕ್ಟರಮ್ಮ. ಗಂಡ ಆಗಲೇ ಫ್ಯಾನಿನ ಜಾಗ ಬದಲಾಯಿಸಿ ಮೂಲೆಯೊಂದನ್ನು ಖಾಲಿ ಮಾಡಿದ್ದ. ಚಿಕ್ಕಮ್ಮನಿಗೆ ಆಸೆ ಇರಲಿಲ್ಲವೇ? ಬೆಟ್ಟದಷ್ಟಿತ್ತು. ಆದರೆ ಹಗ್ಗ ಹಿಡಿದು ಅವಳು ಮನೆಯ ದಾರಿ ಹಿಡಿಯಲಿಲ್ಲ, ಬೇಲಿಯ ಕಡೆ ನಡೆದಳು.

‘ಹನ್ನೊಂದಕ್ಕೆ ಇದೊಂದು ಸಮ ಅಲ್ಲ ಅಣ್ಣ. ಆದರೂ ಇಟ್ಟುಕೋ. ಇನ್ನು ಇದಕ್ಕೆ ಈ ರೋಗದ ಭಯ ಅಷ್ಟಿಲ್ಲ.’

ಸೀಟಿ ಅಣ್ಣ ಹಗ್ಗ ತೆಗೆದುಕೊಂಡು ಬಿಚ್ಚಿ, ಬರೀ ಹಗ್ಗವನ್ನು ಅವಳಿಗೇ ವಾಪಸು ಕೊಟ್ಟ. ‘ನಮ್ಮಲ್ಲಿ ಯಾರನ್ನೂ ಕಟ್ಟಲ್ಲ. ಬಂದು ನೋಡ್ತಾ ಇರಿ.’

ಹದಿನೈದು ದಿನ ಅವಳಿಗೆ ಹೋಗಲು ಧೈರ್ಯ ಬರಲಿಲ್ಲ. ಮೂರನೆಯ ವಾರ ಹೋದಳು. ಮಂಗಳವಾರ. ಜೊಂಡಿನ ಆಚೆ ಮಂದೆ ಮೇಯುತ್ತಿತ್ತು, ಬೆನ್ನುಗಳೇ ಬೆನ್ನುಗಳು, ಅದರಲ್ಲಿ ಯಾವುದು ಯಾವುದೋ. ಇವಳು ಕೂಗಲಿಲ್ಲ. ಒಣಹುಲ್ಲಿನ ಮೇಲೆ ಇವಳ ಹೆಜ್ಜೆ ಸಪ್ಪಳವಾಯಿತು, ಅಷ್ಟೇ. ಮಂದೆಯ ನಡುವಿನಿಂದ ಒಂದು ಕುರಿ ತಲೆ ಎತ್ತಿತು. ಉಳಿದವನ್ನು ತಳ್ಳಿಕೊಂಡು ನೇರ ಇವಳ ಮುಂದೆ ಬಂದು ನಿಂತಿತು. ಗದ್ದ ಎತ್ತಿ ಕತ್ತನ್ನು ಎಡಕ್ಕೆ ವಾಲಿಸಿತು.

‘ಇಲ್ಲ ಕಣೇ’ ಅಂದಳು ಚಿಕ್ಕಮ್ಮ. ‘ಕೈಯಲ್ಲಿ ಏನೂ ಇಲ್ಲ, ನೋಡು.’

ಎರಡೂ ಕೈ ಬಿಚ್ಚಿ ತೋರಿಸಿದಳು. ಅದು ಕತ್ತು ಇಳಿಸಲಿಲ್ಲ. ಅವಳು ಮಂಡಿಯೂರಿ ಕೂತು, ಉಣ್ಣೆ ಸರಿಸಿ, ಸೂಜಿ ಚುಚ್ಚುತ್ತಿದ್ದ ಜಾಗದ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದಳು.