ಭಾವನಾರಾಯಣನ ಹಳೇ ಫ್ಲಾಷು

ಕೊಲ್ಲೂರಿ ಭಾವನಾರಾಯಣ ಮೆಚ್ಚಿಕೊಂಡ ಮನುಷ್ಯನನ್ನು ಆಂಧ್ರದ ತಣುಕಿನಲ್ಲಿ ಯಾರೂ ಕಂಡಿಲ್ಲ. ಸತ್ತವರಲ್ಲಿ ಒಬ್ಬಿಬ್ಬರಿದ್ದಾರಂತೆ, ಬದುಕಿದ್ದಾಗ ಅವರೂ ಅವನ ಬಾಯಿಗೆ ಸಿಕ್ಕವರೇ. ಮೂವತ್ತೆಂಟು ವರ್ಷ ಮದುವೆ ಫೋಟೋ ತೆಗೆದು ತೆಗೆದು ಊರಿನ ಅಷ್ಟೂ ಮುಖಗಳು ಅವನಿಗೆ ಪರಿಚಯವಾಗಿದ್ದವು, ಒಂದೂ ಹಿಡಿಸಿರಲಿಲ್ಲ. "ಗದ್ದ ಸ್ವಲ್ಪ ಎತ್ತಯ್ಯಾ, ಇದ್ರೆ" ಎಂದು ಮದುಮಗನಿಗೇ ಹೇಳುವ ಬಾಯಿ ಅದು. ಜನ ಸಹಿಸಿಕೊಳ್ಳುತ್ತಿದ್ದರು. ಫೋಟೋ ಮಾತ್ರ ಚೆನ್ನಾಗಿ ತೆಗೆಯುತ್ತಿದ್ದ, ಇಲ್ಲವೆನ್ನಬಾರದು.

ಅವನು ಲೋಕದಲ್ಲಿ ಗೌರವಿಸುತ್ತಿದ್ದದ್ದು ಒಂದೇ ವಸ್ತುವನ್ನು. ಮದ್ರಾಸಿನಲ್ಲಿ ಕೊಂಡ, ಇಟ್ಟಿಗೆಯಷ್ಟು ದಪ್ಪದ ಜಪಾನಿ ಫ್ಲಾಷು. ಎಷ್ಟು ಅಡಿ ದೂರಕ್ಕೆ ಲೆನ್ಸನ್ನು ಎಷ್ಟು ತೆರೆಯಬೇಕೆಂದು ಅದರ ಬೆನ್ನಿನ ಮೇಲೆ ಅಚ್ಚು ಹಾಕಿದ್ದ ಪಟ್ಟಿ ಯಾವತ್ತೋ ಸವೆದು ಹೋಗಿತ್ತು. ಅವನಿಗೆ ಅದು ಬೇಕಿರಲಿಲ್ಲ. ಮದುಮಗಳತ್ತ ಒಮ್ಮೆ ಕಣ್ಣು ಹಾಯಿಸಿ "ಎಂಟಡಿ" ಎನ್ನುವನು, ಎಂಟೇ ಇರುತ್ತಿತ್ತು. ಆ ಎಂಟಡಿಯ ಜಂಬದಲ್ಲಿ ಇಡೀ ಆಯುಸ್ಸು ಕಳೆದ.

ರೀಲಿನ ಕಾಲ ಮುಗಿಯಿತು. ಸ್ಟುಡಿಯೋ ಅಳಿಯ ಫಣೀಂದ್ರನ ಕೈಗೆ ಹೋಯಿತು. ಇಲ್ಲಿಂದ ಭಾವನಾರಾಯಣನ ನಿಜವಾದ ಕಷ್ಟ ಶುರು. ನಮ್ಮ ಕಡೆ ಅಳಿಯನೆಂದರೆ ಅರ್ಧ ದೇವರು. ಹೆಸರು ಹಿಡಿದು ಕೂಗುವಂತಿಲ್ಲ, ಗದರುವಂತಿಲ್ಲ, ಅವನು ಊಟಕ್ಕೆ ಏಳುವವರೆಗೆ ಮಾವ ಎಲೆ ಮುಂದೆ ಕೂರುವಂತಿಲ್ಲ. ಧಾರೆಯ ದಿನ ಅವನ ಕಾಲು ತೊಳೆದದ್ದೂ ಆಗಿದೆ. ಊರಿಗೆಲ್ಲ ಉಗಿಯುವ ಬಾಯಿ ಮನೆಯೊಳಗೆ ಮುಚ್ಚಿಕೊಳ್ಳಬೇಕಾಯಿತು. ಮುಚ್ಚಿತೇ? ಇಲ್ಲ, ಬಹುವಚನ ಕಲಿಯಿತು ಅಷ್ಟೆ, ಅಳಿಯ ಹೋಗಿ ಅಲ್ಲುಡುಗಾರು ಆದ. "ಅಲ್ಲುಡುಗಾರು ಸಾವಿರ ಫೋಟೋ ತೆಗೀತಾರೆ, ದೊಡ್ಡವರು. ಅದ್ರಲ್ಲಿ ಹತ್ತು ತಾವಾಗೇ ಚೆನ್ನಾಗಿ ಬಂದಿರ್ತವೆ" ಎಂದು ಗೋಡೆಗೆ ಹೇಳುವನು. ಫಣೀಂದ್ರ ಸಾಧು, ಗೋಡೆಗೆ ಹೇಳಿದ್ದನ್ನು ಗೋಡೆಗೇ ಬಿಡುತ್ತಿದ್ದ.

ಆ ಮಾಘ ಮಾಸಕ್ಕೆ ಮುಂಚೆ ಫಣೀಂದ್ರ ಹೊಸ ಡಿಜಿಟಲ್ ಕ್ಯಾಮರಾ ತಂದ. ಹೆಂಡತಿ ಹೈಮಾವತಿಯ ನಾಲ್ಕು ಬಂಗಾರದ ಬಳೆ ಅದಕ್ಕೆ ಹೋಯಿತು. ಇಡೀ ತಿಂಗಳಿಗೆ ಮದುವೆಗಳನ್ನು ಒಪ್ಪಿಕೊಂಡಾಗಿತ್ತು, ಮೊದಲನೆಯದೇ ಮನೆಯ ಮದುವೆ: ಭಾವನಾರಾಯಣನ ತಮ್ಮನ ಮಗಳು ಶ್ರೀಲಲಿತಳದು. ಮಾವ ತನ್ನ ಫ್ಲಾಷನ್ನು ಪಂಚೆಯಂಚಿನಿಂದ ಒರೆಸುತ್ತ ಕೂತದ್ದು ನೋಡಿ ಫಣೀಂದ್ರ ಎದ್ದ. ವೋಲ್ಟ್ ಮೀಟರು ತಂದು, ಕ್ಯಾಮರಾದ ಮೇಲೆ ಕೂರುವ ಫ್ಲಾಷಿನ ಕಾಲಿಗೆ ತಾಗಿಸಿ ಅಳೆದ.

"ಮಾವಯ್ಯಗಾರೂ, ನೋಡಿ, ಇನ್ನೂರ ಅರವತ್ತು ವೋಲ್ಟ್ ಬರ್ತಿದೆ. ನನ್ನ ಕ್ಯಾಮರಾ ತಡಿಯೋದು ಆರೇ ಆರು. ನಿಮ್ಮ ಹಳೇ ಕ್ಯಾಮರಾದಲ್ಲಿ ಬರೀ ಎರಡು ತಗಡು ತಾಕ್ತಿದ್ವು, ಏನೂ ಆಗ್ತಿರ್ಲಿಲ್ಲ. ಇದ್ರ ಮೇಲೆ ಕೂರಿಸಿದ್ರೆ ಒಳಗೆ ಸುಟ್ಟೋಗತ್ತೆ."

ಭಾವನಾರಾಯಣ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನೇ ಸುಭದ್ರಾ? ಅಲ್ಲುಡುಗಾರ ಕ್ಯಾಮರಾ ಬಾಣಂತಿಯಂತೆ. ಗಾಳಿ ತಾಗಬಾರ್ದಂತೆ."

"ನೀವು ಸುಮ್ನಿರ್ತೀರಾ? ಅಳಿಯಂದ್ರು ಏನೋ ಹೇಳ್ತಿದಾರೆ" ಎಂದಳು ಸುಭದ್ರಮ್ಮ.

ಫಣೀಂದ್ರ ಜೇಬಿನಿಂದ ಗುಂಡಿಯಷ್ಟು ಸಣ್ಣದೊಂದು ಸಾಮಾನು ತೆಗೆದ. "ಇದು ಕಣ್ಣು, ಮಾವಯ್ಯಗಾರೂ. ನಿಮ್ಮ ಫ್ಲಾಷಿಗೆ ಸಿಕ್ಕಿಸಿದ್ರೆ ಸಾಕು. ಕ್ಯಾಮರಾದ ಬೆಳಕು ಕಂಡ ತಕ್ಷಣ ಅದೂ ಬೆಳಗುತ್ತೆ. ತಾಕೋ ಹಾಗೇ ಇಲ್ಲ. ಪಕ್ಕದಲ್ಲಿ ನಿಲ್ಲಿಸೋಣ. ಇಂಥಾ ಬೆಳಕು ಹೊಸದ್ರಲ್ಲಿ ಎಲ್ಲಿದೆ?"

ಅವನು ನಿಜವಾಗಿ ಹೊಗಳಿದ್ದ. ಆದರೆ ಹೊಗಳಿಕೆ ಅರ್ಥವಾಗಲು ಎದುರಿಗಿರುವವನ ಮೇಲೆ ಒಂದು ಚೂರಾದರೂ ಮರ್ಯಾದೆ ಇರಬೇಕು.

"ಅಂದ್ರೆ ಅವರು ಹಾಡೋದು, ನಾನು ಪಕ್ಕದಲ್ಲಿ ತಾಳ ಹಾಕೋದು" ಎಂದ ಭಾವನಾರಾಯಣ, ಗೋಡೆಗೆ. "ಆರು ವೋಲ್ಟಿಗೆ ಸಾಯೋದಾದ್ರೆ ಸಾಯ್ಲಿ ಅಂಥಾ ಕ್ಯಾಮರಾ."

ಅಪ್ಪನ ಮಾತು ಕೇಳಿ ಒಳಗಿದ್ದ ಹೈಮಾವತಿ ಹೊರಗೆ ಬಂದಳು. "ನಾನ್ನಾ, ಅದು ಕ್ಯಾಮರಾ ಅಲ್ಲ, ನನ್ನ ಬಳೆ. ನೆನಪಿರಲಿ."

"ಅಯ್ಯೋ, ನಾನು ಮುಟ್ಟೋದೇ ಇಲ್ಲ ಕಣಮ್ಮಾ ಅದನ್ನ" ಎಂದ. ಹಾಗೆಂದವನು ಮದುವೆಗೆ ಹೊರಡುವಾಗ ಆ ಇಟ್ಟಿಗೆಯನ್ನು ಉತ್ತರೀಯದಲ್ಲಿ ಸುತ್ತಿಕೊಂಡೇ ಹೊರಟ.

ಮುಹೂರ್ತ ಬೆಳಿಗ್ಗೆ ಹತ್ತು ನಲವತ್ತಕ್ಕೆ. ಕಲ್ಯಾಣಮಂಟಪಕ್ಕೆ ಕಿಟಕಿಗಳೇ ಕಡಿಮೆ, ಇದ್ದವಕ್ಕೂ ಪರದೆ ಬಿಟ್ಟಿದ್ದರು. ನಡುವೆ ತೆರೆ ಹಿಡಿದಿದ್ದರು, ಆಚೆ ಈಚೆ ಮದುಮಕ್ಕಳು ಜೀರಿಗೆ ಬೆಲ್ಲ ಹಿಡಿದು ಕೂತಿದ್ದರು. ಆಗ ಶ್ರೀಲಲಿತ ದೊಡ್ಡಪ್ಪನ ಕಡೆ ತಲೆಯೆತ್ತಿ, "ಪೆದನಾನ್ನಾ, ತೆರೆ ಇಳಿಸುವಾಗಿನ ಫೋಟೋ ನೀವೇ ತೆಗೀಬೇಕು. ಅಮ್ಮನ ಮದುವೇಲೂ ನೀವೇ ತೆಗೆದದ್ದಲ್ವಾ?" ಎಂದುಬಿಟ್ಟಳು. ಮದುಮಗಳು ಕೇಳಿದ್ದಕ್ಕೆ ಇಲ್ಲವೆನ್ನುವವರು ಯಾರು? ಫಣೀಂದ್ರ ಎರಡೂ ಕೈಯಲ್ಲಿ ಕ್ಯಾಮರಾ ಕೊಟ್ಟ. "ಎಲ್ಲ ಸರಿಮಾಡಿದೀನಿ, ಮಾವಯ್ಯಗಾರೂ. ಬರೀ ಒತ್ತಿ."

ಬರೀ ಒತ್ತಬೇಕಂತೆ! ಮೂವತ್ತೆಂಟು ವರ್ಷದ ಕಸುಬಿನವನಿಗೆ! ಭಾವನಾರಾಯಣ ಮಂಟಪದ ಎದುರು ಹೋಗಿ ಬೆನ್ನು ತಿರುಗಿಸಿ ನಿಂತು, ಅಳಿಯನ ಹೊಸ ಫ್ಲಾಷನ್ನು ಕಿತ್ತು ಪಕ್ಕದವರ ಮಡಿಲಿಗೆ ಹಾಕಿ, ಉತ್ತರೀಯ ಬಿಚ್ಚಿದ. ಇಟ್ಟಿಗೆ ಕ್ಯಾಮರಾದ ನೆತ್ತಿಯ ಮೇಲೆ ಕೂತಿತು. "ಆರಡಿ" ಎಂದುಕೊಂಡು ಲೆನ್ಸನ್ನು ಆರಡಿಗೆ ಹೊಂದಿಸಿದ.

ದೂರದಿಂದ ಅದನ್ನು ಕಂಡ ಫಣೀಂದ್ರ ಹೆಂಗಸರನ್ನು ದಾಟಿಕೊಂಡು ಓಡಿ ಬಂದ. "ಮಾವಯ್ಯಗಾರೂ, ಬೇಡ! ಸುಟ್ಟು—"

ಅಷ್ಟರಲ್ಲಿ ಮನೆಯ ಹಿರಿಯಳು ಕಾಂತಮ್ಮತ್ತೆಯ ಕೈ ಅವನ ಬಾಯಿ ಮುಚ್ಚಿತ್ತು. ಮುಹೂರ್ತದ ಹೊತ್ತಿಗೆ ಅಶುಭದ ಮಾತು ಬೀಳದಂತೆ ಕಾಯುವುದು ಆ ಮುದುಕಿ ತಾನೇ ವಹಿಸಿಕೊಂಡ ಕೆಲಸ. "ಬುದ್ಧಿ ಇದೆಯೇನಪ್ಪಾ? ತೆರೆ ಇಳಿಯೋ ಹೊತ್ತಿಗೆ ಸುಡೋ ಮಾತಾ? ಅಳಿಯ ಆದ್ರೇನಾಯ್ತು?" ಎಂದು ಗದರಿಸಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ತಾನೇ ಕೂಗಿದಳು. ಡೋಲು ನಾದಸ್ವರ ಒಟ್ಟಿಗೇ ಸಿಡಿದವು. ಅದರೊಳಗೆ ಫಣೀಂದ್ರ ಏನು ಕೂಗಿದನೋ ಅವನಿಗೇ ಕೇಳಿಸಲಿಲ್ಲ.

ತೆರೆ ಇಳಿಯಿತು. ಫ್ಲಾಷು ಮಿಂಚಿತು, ಇಡೀ ಮಂಟಪ ಹಗಲಾಯಿತು. ಎರಡನೆಯದು, ಮೂರನೆಯದು. ಭಾವನಾರಾಯಣ ಅಳಿಯನ ಕಡೆ ನೋಡಿದ ನೋಟವಿದೆಯಲ್ಲ, ಅದಕ್ಕೆ ಕೆನ್ನೆಗೆ ಎರಡು ಬಿಗಿಯಬೇಕಿತ್ತು. ನಾಲ್ಕನೆಯದಕ್ಕೆ ಒತ್ತಿದ. ಟಕ್ ಎಂದಿತು, ಬೆಳಕಿಲ್ಲ. ಮತ್ತೆ ಒತ್ತಿದ. ಫ್ಲಾಷಿನ ಬೆನ್ನಿನ ಕೆಂಪು ದೀಪ ಸಿದ್ಧವಾಗಿ ಉರಿಯುತ್ತಲೇ ಇತ್ತು. ಅದಕ್ಕೆ ಬೆಳಗು ಎನ್ನಬೇಕಾದ ಕ್ಯಾಮರಾಕ್ಕೆ ನಾಲಿಗೆ ಬಿದ್ದು ಹೋಗಿತ್ತು.

ಫಣೀಂದ್ರ ಕ್ಯಾಮರಾ ಇಸಿದುಕೊಂಡು ತನ್ನ ಹೊಸ ಫ್ಲಾಷು ಕೂರಿಸಿ ನೋಡಿದ. ಅದೂ ಮಿಂಚಲಿಲ್ಲ. ತೆಗೆದ ಮೂರು ಫೋಟೋ ನೋಡಿದ. ಮಬ್ಬು ಮಂಟಪಕ್ಕೆಂದು, ಚೂರು ಬೆಳಕನ್ನೂ ಹಿಡಿಯುವಂತೆ ಕ್ಯಾಮರಾದ ಸೂಕ್ಷ್ಮತೆ ಏರಿಸಿಟ್ಟಿದ್ದ. ಹೊಸ ಫ್ಲಾಷಾದರೆ ಅದನ್ನು ತಿಳಿದುಕೊಂಡು ತಗ್ಗುತ್ತಿತ್ತು. ಹಳೆಯದಕ್ಕೆ ಯಾರ ಮಾತೂ ಕೇಳಿ ಅಭ್ಯಾಸವಿಲ್ಲ, ಯಜಮಾನನ ಹಾಗೆಯೇ. ಮದುಮಕ್ಕಳಿಬ್ಬರೂ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿದ್ದರು. ಕಣ್ಣು ಮೂಗು ಏನೂ ಇಲ್ಲ.

ಹೈಮಾವತಿ ಗಂಡನ ಹೆಗಲ ಮೇಲಿಂದ ನೋಡಿದಳು. ಅಪ್ಪನಿಗೆ ಬೆನ್ನು ತಿರುಗಿಸಿ ಹೋಗಿ ಕೂತಳು.

ತಾಳಿ ಕಟ್ಟುವುದು ಬಾಕಿಯಿತ್ತು. ಅಕ್ಷತೆಯ ತಲಂಬ್ರಾಲು ಬಾಕಿಯಿತ್ತು. ಇನ್ನು ಕಾಲುಗಂಟೆಯೂ ಇಲ್ಲ. ಫಣೀಂದ್ರ ಕ್ಯಾಮರಾದ ನೆತ್ತಿಯೊಳಗೇ ಅಡಗಿರುವ ಪುಟ್ಟ ಫ್ಲಾಷನ್ನು ಎಬ್ಬಿಸಿದ. ಅದಿನ್ನೂ ಬದುಕಿತ್ತು, ಆದರೆ ಅದರ ಬೆಳಕು ಮೂರು ಮೊಳ ದಾಟುವುದಿಲ್ಲ. ಜೇಬಿನಿಂದ ಆ ಗುಂಡಿಗಾತ್ರದ ಕಣ್ಣು ತೆಗೆದು ಇಟ್ಟಿಗೆಗೆ ಸಿಕ್ಕಿಸಿದ. ಪುಟ್ಟದು ಮಿಣಕ್ಕೆಂದರೆ ಸಾಕು, ಇಟ್ಟಿಗೆ ಸಿಡಿಲಿನಂತೆ ಬೆಳಗುತ್ತಿತ್ತು.

"ಸ್ಟ್ಯಾಂಡ್ ತಂದಿಲ್ಲ, ಮಾವಯ್ಯಗಾರೂ" ಎಂದ, ದನಿಯೆತ್ತದೆ. "ನೀವೇ ಹಿಡ್ಕೊಂಡು ನಿಲ್ಲಬೇಕು. ಆ ಕಂಬದ ಹತ್ರ."

ಭಾವನಾರಾಯಣ ಗೋಡೆ ಹುಡುಕಿದ. ಗೋಡೆ ದೂರವಿತ್ತು, ನಡುವೆ ಜನ. ಫ್ಲಾಷನ್ನು ಎತ್ತಿಕೊಂಡು ಕಂಬದ ಬಳಿ ನಿಂತ.

"ಸ್ವಲ್ಪ ಮೇಲೆ. ಎಡಕ್ಕೆ. ಸಾಕು. ಅಲ್ಲಾಡಬೇಡಿ."

ತಾಳಿ ಕಟ್ಟಿದ್ದಾಯಿತು, ಅಕ್ಷತೆ ಹಾರಿತು, ಪ್ರತಿ ಸಲವೂ ಇಟ್ಟಿಗೆ ಬೆಳಗಿತು. ಪಕ್ಕದಿಂದ ಬಿದ್ದ ಬೆಳಕಿಗೆ ಶ್ರೀಲಲಿತಳ ಮೂಗುತಿ, ಕೆನ್ನೆಯ ಬೊಟ್ಟು, ಗಾಳಿಯಲ್ಲಿದ್ದ ಒಂದೊಂದು ಅಕ್ಕಿಯ ಕಾಳೂ ಎದ್ದು ಬಂದವು. ಅಂಥ ಫೋಟೋ ಭಾವನಾರಾಯಣ ತನ್ನ ಜನ್ಮದಲ್ಲಿ ತೆಗೆದಿರಲಿಲ್ಲ. ಅದು ಅವನಿಗೂ ತಿಳಿಯಿತು. ಕಸುಬು ಬಲ್ಲವನು, ಬೆಳಕು ಬಿದ್ದ ಬಗೆಯಲ್ಲೇ ತಿಳಿಯಿತು.

ಕಾಕಿನಾಡದಿಂದ ಬಂದಿದ್ದ ಗಂಡಿನ ಕಡೆಯ ಹೆಂಗಸೊಬ್ಬಳು ಹೈಮಾವತಿಯ ಪಕ್ಕ ಬಂದು ಕೂತಳು. "ಪಾಪ, ಆ ಹಿರಿಯರು ಆಗಿನಿಂದ ಕೈ ಎತ್ಕೊಂಡೇ ನಿಂತಿದಾರಲ್ಲಮ್ಮಾ. ಯಾರವರು? ನಿಮ್ಮ ಕಡೆಯವರಾ?"

ಹೈಮಾವತಿ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಮ್ಮ ಸ್ಟುಡಿಯೋದಲ್ಲಿ ಲೈಟು ಹಿಡಿಯೋರು" ಎಂದಳು.

ಕಂಬ ಎರಡು ಮಾರು ದೂರವೂ ಇರಲಿಲ್ಲ. ಭಾವನಾರಾಯಣ ಮಗಳ ಕಡೆ ತಿರುಗಲಿಲ್ಲ, ತಿರುಗಿದರೆ ಬೆಳಕು ತಪ್ಪುತ್ತಿತ್ತು.