ಎದುರುಮನೆ ಅಕ್ಕನ ಕುರುಡು ಎಳೆ

ಮೊನ್ನೆ ಚಿಂತಾಮಣಿಯಿಂದ ಶಿಡ್ಲಘಟ್ಟದ ಬಸ್ಸಲ್ಲಿ ಪಕ್ಕದೋರು ಹಿಪ್ಪುನೇರಳೆ ಸೊಪ್ಪಿನ ಮೂಟೆನ ನನ್ ಕಾಲ್ ಮೇಲೇ ಇಟ್ರು. ಬೈಯಣ ಅಂತ ಬಾಯ್ ತೆಗ್ದೆ. ಆ ಹಸಿ ವಾಸ್ನೆ ಮೂಗಿಗೆ ಹೊಡೀತು ನೋಡಿ, ಬೈಗುಳ ಅಲ್ಲೇ ನಿಂತೋಯ್ತು. ನಮ್ಮೆದುರುಮನೆ ಅಕ್ಕ ನೆನಪಾದ್ಲು...

ಅವರ ಮನೇಲಿ ರೇಷ್ಮೆ ಹುಳ ಸಾಕ್ತಿದ್ರು. ಅಕ್ಕ ಓದಿ ಓದಿ ಹೊರದೇಶದ ಒಂದು ಲ್ಯಾಬ್ ಸೇರಿದ್ಲು. ಸೂರ್ಯನ ಹೊಟ್ಟೇಲಿ ನಡೆಯೋದನ್ನ ಮಿಷಿನ್ನಲ್ಲಿ ನಡೆಸೋ ಲ್ಯಾಬು, ಫ್ಯೂಷನ್ ಅಂತಾರಲ್ಲ, ಅದು. ಒಳಗಿನ ಬೆಂಕಿ ಹತ್ರ ಯಾರೂ ಹೋಗಕ್ಕಾಗಲ್ಲ. ಕೂದಲಿನಷ್ಟು ಸಣ್ಣ ಗಾಜಿನ ಎಳೇಲಿ ಅದರ ಬೆಳಕನ್ನ ಹೊರಗೆ ತಂದು ನೋಡೋದು ಅಕ್ಕನ ಕೆಲಸ.

ಒಂದ್ಸಲ ರಜಕ್ಕೆ ಬಂದಾಗ ಮಂಕಾಗಿದ್ಲು. ಅಲ್ಲೀವರೆಗೂ ಯಾರೂ ಕಂಡಿರದ ಒಂದು ಮಿಣುಕು ಅವಳ ಎಳೇಲಿ ಸಿಕ್ಕಿತ್ತಂತೆ. ಲ್ಯಾಬೆಲ್ಲಾ ಬೆನ್ ತಟ್ಟಿತ್ತು. ದೊಡ್ಡ ಸಭೇಲಿ ಅದನ್ನ ಹೇಳ್ಬೇಕಿತ್ತು.

"ಆದ್ರೆ ಮಿಷಿನ್ನಿಂದ ರೇಡಿಯೇಶನ್ ಬರ್ತದೆ ಕಣೇ. ಅದು ಬಡಿದ್ರೆ ಗಾಜೇ ಹೊಳೀತದೆ. ನಾನ್ ಕಂಡಿದ್ದು ಬೆಂಕಿನೋ, ಬರೀ ಗಾಜಿನ ಹೊಳಪೋ..."

"ಸುಮ್ನಿರಕ್ಕ, ಹೆಸರು ಬರ್ತದೆ," ಅಂದೆ. ನಾನು ಹಂಗೇ.

ಅಷ್ಟರಲ್ಲಿ ಜೋರು ಸದ್ದು. ಮಳೆ ಅಂದ್ಕೊಂಡು ಬಟ್ಟೆ ತರಕ್ಕೆ ಎದ್ದೆ.

"ಕೂತ್ಕೋಮ್ಮ, ಹುಳ ಮೇಯ್ತಾ ಅವೆ," ಅಂತ ಅವ್ರಮ್ಮ ನಕ್ರು.

ನಾಕ್ನೇ ಜ್ವರ ಎದ್ದ, ಅಂದ್ರೆ ನಾಕ್ನೇ ಸಲ ಪೊರೆ ಕಳಚಿದ ಹುಳ ಸೊಪ್ಪು ತಿಂದ್ರೆ ಥೇಟ್ ಮಳೆ ಸದ್ದೇ. ಅದಕ್ಕೇ ಆ ಮನೇಲಿ ಯಾರೂ ಕಿವಿ ನಂಬ್ತಿರ್ಲಿಲ್ಲ, ಬಾಗಿಲಿಂದ ಕೈ ಚಾಚಿ ನೋಡೋರು. ಅಕ್ಕ ಎದ್ದು ಬಾಗಿಲಾಚೆ ಕೈ ಚಾಚಿದ್ಲು, ಒಂದು ಹನಿನೂ ಬೀಳ್ಲಿಲ್ಲ.

"ಪಕ್ಕದಲ್ಲೇ ಇನ್ನೊಂದು ಎಳೆ ಹಾಕ್ತೀನಿ, ಅದರ ತುದಿ ಮುಚ್ಚಿ, ಕುರುಡು ಮಾಡಿ. ಬೆಂಕಿ ಕಾಣ್ಬಾರ್ದು ಅದಕ್ಕೆ. ಅದೂ ಹೊಳೆದ್ರೆ ನನ್ ಕಥೆ ಮುಗೀತು," ಅಂದ್ಲು.

ಹೋಗಿ ಹಂಗೇ ಮಾಡಿದ್ಲು. ಕುರುಡು ಎಳೇನೂ ಅಷ್ಟೇ ಹೊಳೀತು.

ಸಭೇಲಿ ಎದ್ದು ನಿಂತು, ನಾನ್ ಕಂಡಿದ್ದು ಬೆಂಕಿ ಅಲ್ಲ, ಗಾಜು ಅಂತ ಅವಳೇ ಹೇಳಿದ್ಲು. ಫೋನಲ್ಲಿ ಅವ್ರಮ್ಮಂಗೆ ಸಿಟ್ಟು. "ಬಾಯ್ ಮುಚ್ಕೊಂಡಿರಕ್ಕೆ ಏನ್ ರೋಗಾನೇ ನಿಂಗೆ?"

"ಜೊಳ್ಳು ರೇಷ್ಮೆ ಗೂಡನ್ನ ಗಟ್ಟಿ ಅಂತ ಮಾರ್ತೀಯೇನಮ್ಮ ನೀನು?"

"ಮಾರಿದೀನಿ ಕಣೇ, ಒಂದೊಂದ್ಸಲ," ಅಂದ್ರು ಆಯಮ್ಮ. ಆಮೇಲೆ ಬೀದಿಯೆಲ್ಲಾ ಮಗಳ ಮಾತನ್ನೇ ಹೇಳ್ಕೊಂಡು ತಿರುಗಿದ್ರು, ಎದೆ ಉಬ್ಬಿಸ್ಕೊಂಡು. ನಾನೂ ಜೊತೆಗೆ.

ಹೋದ ವರ್ಷ ಅಕ್ಕ ಹೋಗ್ಬಿಟ್ಲು. ರೇಡಿಯೇಶನ್ನೇ ತಿಂದಾಕ್ತು ಅಂತ ಊರೋರು ಆಡ್ಕೊಂಡ್ರು. ಸುಳ್ಳು, ಹಾರ್ಟು ನಿಂತಿದ್ದು. ತಿಥಿಗೆ ಅವಳ ಜೊತೆ ಕೆಲಸ ಮಾಡಿದ್ದ ಕನ್ನಡದ ಹುಡುಗ ಒಬ್ಬ ಬಂದಿದ್ದ. ಈಗ ಅಲ್ಲಿ ಪ್ರತಿ ಎಳೆ ಪಕ್ಕ ಒಂದು ಕುರುಡು ಎಳೆ ಇರ್ಲೇಬೇಕಂತೆ. ಅದು ತೋರಿಸಿದ್ದನ್ನ ಕಳೆದು ಉಳಿದಿದ್ದೇ ನಿಜದ ಲೆಕ್ಕ. ಹಂಗೆ ಕಳೆದೇ ಕೊನೆಗೆ ಅಕ್ಕ ಬೆಂಕಿದು ಅಂದ್ಕೊಂಡಿದ್ದಂಥ ಮಿಣುಕೂ ಸಿಕ್ತಂತೆ... ಬೇರೆಯೋರಿಗೆ.

ನಂಗೆ ಹೊಟ್ಟೆ ಉರೀತು. ಅವ್ರಮ್ಮ ಮಾತ್ರ ಸೆರಗಲ್ಲಿ ಕಣ್ಣೊರೆಸ್ಕೊಂಡು ಕೇಳಿದ್ರು, "ಸಿಕ್ಕಿದ್ದು ನಿಜದ್ದೇ ತಾನೇನಪ್ಪ?"

"ನಿಜದ್ದೇ ಅಮ್ಮ."

"ಸರಿ, ಊಟಕ್ಕೆ ಕೂತ್ಕೋ."

ಇದನ್ನ ಬರೀವಾಗ ಎದುರುಮನೆ ಬಾಗಿಲು ತೆಗ್ದೇ ಇದೆ. ಅಕ್ಕಾ ಅಂತ ಕೂಗಿದ್ರೆ ಓ ಅನ್ನೋಳು ಇಲ್ಲ, ಅಷ್ಟೇ.